ಬೀರುವಿನ ಒಳಗಿನ ಗೀಟು

ಎಪ್ಪತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಬೀದಿಯಲ್ಲೊಬ್ಬರು ಹಳೆಯ ಮೇಜು, ಬೀರು ಕೊಂಡು, ಉಜ್ಜಿ, ಬಣ್ಣ ಹಚ್ಚಿ ಮಾರುತ್ತಿದ್ದರು. ಒಂಟಿ ಜೀವ. ಅಂಗಡಿ ತುಂಬ ಕುರ್ಚಿಗಳಿದ್ದರೂ ನೆಲದ ಮೇಲೆ ಕೂತೇ ಉಣ್ಣುತ್ತಿದ್ದರು. "ಹಳೇದು ಒಂಚೂರೂ ಕಾಣ್ಬಾರ್ದು ಕಣ್ರೀ" ಎನ್ನುವುದು ಅವರ ಮಾತು.

ಒಂದು ಮಧ್ಯಾಹ್ನ ಹತ್ತಿರದ ಹೆಡತಲೆ ಊರಿನ ಹೆಂಗಸೊಬ್ಬಳು ಬಂದು, ತನ್ನ ಗಂಡ ಅವರಿಗೆ ಮಾರಿದ್ದ ಬೀರುವಿನ ಬಾಗಿಲು ತೆರೆದಳು. ಒಳಗೆಲ್ಲ ಹೊಸ ಹಸಿರು ಬಣ್ಣ.

"ತೀರೋದ ಮಗೀನ ಎತ್ರಕ್ಕೆ ಇಲ್ಲೊಂದು ಗೀಟು ಎಳ್ದಿದ್ದೆ ಕಣಣ್ಣ. ನೋಡಾವಾ ಅಂತ ಬಂದೆ."

ಅವರು ಅಲ್ಲಿನ ಬಣ್ಣ ಕೆರೆದರು. ಬರೀ ಮರ ಕಂಡಿತು. ಗೀಟನ್ನು ಅವರೇ ಉಜ್ಜಿ ತೆಗೆದಿದ್ದರು. ಆಕೆ ಕೈಯಿಟ್ಟು ತೋರಿಸಿದ್ದ ಎತ್ತರಕ್ಕೆ ತಾವೇ ಪೆನ್ಸಿಲಿನಿಂದ ಗೀಟೆಳೆದರು.

"ಇದು ನೀವೆಳ್ದಿದ್ದು ಅಣ್ಣ" ಎಂದು ಆಕೆ ಬಸ್ಸಿಗೆ ಹೊರಟಳು.

ಆಮೇಲೆ ಯಾರು ಕೇಳಿದರೂ ಅವರು ಆ ಬೀರುವನ್ನು ಮಾರಲಿಲ್ಲ, ಬಾಗಿಲು ತೆರೆಯಲೂ ಬಿಡಲಿಲ್ಲ.