ಎಂತದರಲ್ಲಿ ಒಂದನೇದು?

ಮೊನ್ನೆ ಬಂಟ್ವಾಳದಲ್ಲಿ ಅಮ್ಮನಿಗೆ ಕಷಾಯದ ಪುಡಿ ಕೊಳ್ಳಲು ಹೋದಾಗ ಅಂಗಡಿಯವರು ಜ್ಯೇಷ್ಠಮಧುವಿನ ಡಬ್ಬಿ ತೆರೆದರು. ಸಿಹಿಯೂ ಮಣ್ಣೂ ಬೆರೆತಂಥ ಆ ವಾಸನೆ ಬಂದದ್ದೇ ತಡ, ನಾನು ಮೂಡುಬಿದಿರೆಯ ಕಾಲೇಜಿನ ಹಳೆಯ ತರಗತಿಯಲ್ಲಿದ್ದೆ. ನಮ್ಮನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುತ್ತಿದ್ದ ಸರ್ ಅವರ ಜೇಬಿನಲ್ಲಿ ಯಾವಾಗಲೂ ಆ ಬೇರಿನ ತುಂಡುಗಳಿರುತ್ತಿದ್ದವು. ಗಂಟಲು ಕಟ್ಟಿದವರಿಗೆ ಒಂದು ಕೊಡುತ್ತಿದ್ದರು. ಕೆಟ್ಟ ವಾದ ಹೂಡಿದವರಿಗೂ ಒಂದು... ಜಗಿಯುವಷ್ಟು ಹೊತ್ತಾದರೂ ಬಾಯಿ ಮುಚ್ಚಿರಲಿ ಎಂದು.

ನಾನು ಲಾಯಿಲದ ಹುಡುಗಿ, ದೇವರ ಹತ್ತಿರವೂ ಸಾಕ್ಷಿ ಕೇಳುವವಳು ಎಂದು ಮನೆಯಲ್ಲಿ ಹೆಸರು. ಪದವಿಯ ಕೊನೆಯ ವರ್ಷ ರಾಜ್ಯಮಟ್ಟದ ಚರ್ಚೆಗೆ ಬಂದ ವಿಷಯ, ಧರ್ಮದ ಹೆಸರಿನ ಭಯೋತ್ಪಾದನೆ. ಕಾಲೇಜಿನಿಂದ ಒಬ್ಬರಿಗೆ ಮಾತ್ರ ಅವಕಾಶ, ಆ ಒಬ್ಬರು ನಾನೇ ಆಗಬೇಕೆಂದು ನನ್ನ ಹಟ. ಜಗತ್ತಿನ ಅಂಥ ಗುಂಪುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರು ಎಷ್ಟು ಜನರನ್ನು ಕೊಂದರು ಎಂದು ನೋಡಿ, ಒಂದನೇ ಸ್ಥಾನದಿಂದ ಹತ್ತನೇ ಸ್ಥಾನದವರೆಗೆ ಹಂಚಿಬಿಟ್ಟೆ. ನನ್ನಲ್ಲಿ ಯಾವ ಧರ್ಮದ ಪಕ್ಷಪಾತವೂ ಇಲ್ಲ, ಬರೇ ಅಂಕಿ ಎಂಬ ಜಂಬ ಬೇರೆ.

ಸರ್ ಪೂರ್ತಿ ಕೇಳಿದರು.

"ಒಂದನೇದು ಸರಿ. ಎಂತದರಲ್ಲಿ ಒಂದನೇದು, ಮಾರಾಯ್ತಿ?"

"ಕೊಂದದ್ದರಲ್ಲಿ, ಸರ್."

"ಕಳೆದ ವರ್ಷವಾ, ಹುಟ್ಟಿದಲ್ಲಿಂದಲಾ?"

ಹುಟ್ಟಿದಲ್ಲಿಂದ ಲೆಕ್ಕ ಹಿಡಿದರೆ ಐದನೆಯದು ಮೇಲೆ ಹತ್ತಿತು. ಒಬ್ಬಿಬ್ಬರನ್ನು ಕೊಂದು ಇಡೀ ಊರನ್ನೇ ಖಾಲಿ ಮಾಡಿಸಿದ ಗುಂಪಿಗೆ ನನ್ನ ಸಾಲಿನಲ್ಲಿ ಜಾಗವೇ ಇರಲಿಲ್ಲ. ಇನ್ನೊಂದು ಗುಂಪು ಒಡೆದು ಮೂರಾಗಿತ್ತು. ಹಳೆಯ ಹೆಣಗಳು ಯಾರ ಲೆಕ್ಕಕ್ಕೆ? ಬಾಯಲ್ಲಿ ದೇವರು, ಬೇಡಿಕೆಯಲ್ಲಿ ಪ್ರತ್ಯೇಕ ನೆಲ; ಅಂಥವರು ಧರ್ಮದವರೋ ರಾಜಕೀಯದವರೋ? ನಾನು ಒಂದೊಂದಕ್ಕೂ ಎದ್ದೆದ್ದು ವಾದಿಸಿದೆ. ಸರ್ ನಿಧಾನಕ್ಕೆ ಮಾತನ್ನು ಕಂಬಳದ ಕೋಣದ ಓಟಕ್ಕೆ ತಂದರು.

"ನಿನ್ನ ಮಾವ ಕೋಣ ಸಾಕಿದವರಲ್ವಾ? ಕನೆಹಲಗೆಯಲ್ಲಿ ಮೇಲೆ ಕಟ್ಟಿದ ನಿಶಾನೆಗೆ ನೀರು ಹಾಯಿಸಿದ್ದು ದೊಡ್ಡದಾ, ಹಗ್ಗದ ಓಟದಲ್ಲಿ ಗೆದ್ದದ್ದು ದೊಡ್ಡದಾ?"

"ಅದು ಬೇರೆ ಬೇರೆ ವಿಭಾಗ, ಸರ್. ಒಂದರಲ್ಲಿ ನೀರಿನ ಎತ್ತರ, ಇನ್ನೊಂದರಲ್ಲಿ ವೇಗ."

"ಕೋಣಗಳ ವಿಷಯದಲ್ಲಿ ನಿನಗೆ ನ್ಯಾಯ ಗೊತ್ತುಂಟು!"

ಹಿಂದಿನ ಬೆಂಚಿನವರು ಹೋ ಎಂದರು. ನನ್ನ ಮುಖ ಉರಿಯಿತು.

"ಹಾಗಾದ್ರೆ ಎಲ್ಲ ಒಂದೇ ಅಂತ ಹೇಳಿ ಕೂತ್ಕೊಳ್ತೇನೆ."

ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಅಷ್ಟು ಹೊತ್ತು ಇದ್ದ ನಗು ಮುಖದಿಂದ ಹೋಗಿತ್ತು.

"ಎಲ್ಲ ಒಂದೇ ಅಂತ ಸತ್ತವರ ಮನೆಗೆ ಹೋಗಿ ಹೇಳ್ತೀಯಾ? ಅಳೆಯಲಿಕ್ಕೆ ಕಷ್ಟ ಅಂದ್ರೆ ಅಳೆಯಬಾರದು ಅಂತ ಅಲ್ಲ. ಯಾವ ಕೋಲು ಹಿಡಿದದ್ದು ಅಂತ ಮೊದಲು ಹೇಳು. ಆ ಕೋಲಿಗೆ ಸಿಗದ್ದು ಎಂತ ಅಂತ ಸಹ ಹೇಳು. ಮತ್ತೆ ಹೆದರದೆ ಮಾತಾಡು. ನಾಳೆ ಹಾಗೆ ಬಂದ್ರೆ ನಿನ್ನ ಹೆಸರು ಕಳಿಸ್ತೇನೆ."

ಕೈಗೆ ಒಂದು ತುಂಡು ಬೇರು ಇಟ್ಟರು.

ವೇಣೂರಿನ ದಾರಿಯ ಬಸ್ಸಿನಲ್ಲಿ ಅದನ್ನು ಜಗಿಯುತ್ತ ಹತ್ತೂ ಸ್ಥಾನಗಳನ್ನು ಕಿತ್ತು ಹಾಕಿದೆ. ಮರುದಿನ ಕೊಲೆಯನ್ನು ಕೊಲೆ ಎಂದೇ ಹೇಳಿದೆ, ಲೆಕ್ಕಕ್ಕೆ ಸಿಗದ ಭಯ ಬೇರೆ ಉಂಟು ಎಂದೂ ಹೇಳಿದೆ. ಸರ್ ತಲೆಯಾಡಿಸಿದರು, ಅಷ್ಟೇ. ಹೆಸರು ಹೋಯಿತು. ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಫೋನ್ ಮಾಡಿ ತಿಳಿಸಿದರೆ, "ಎಂತದರಲ್ಲಿ ಎರಡನೇದು?" ಎಂದು ಕೇಳಿ ತಾವೇ ಗಟ್ಟಿಯಾಗಿ ನಕ್ಕರು.

ಕಳೆದ ವರ್ಷ ಸರ್ ತೀರಿಕೊಂಡರು. ಸಂತಾಪ ಸಭೆಯಲ್ಲಿ "ಇವರಷ್ಟು ದೊಡ್ಡ ಮೇಷ್ಟ್ರು ಇನ್ನೊಬ್ಬರಿಲ್ಲ" ಎಂದು ಶುರು ಮಾಡಿದ ನಾನು ಅಲ್ಲೇ ನಿಲ್ಲಿಸಿದೆ. ಉಳಿದವರನ್ನು ನಾನು ಅಳೆದಿರಲಿಲ್ಲವಲ್ಲ... ನನ್ನನ್ನು ಸೋಲಿಸಿ ಮನೆಗೆ ಕಳಿಸಿ, ಮರುದಿನ ಮತ್ತೆ ಬರುವಂತೆ ಮಾಡಿದವರು ಇವರೊಬ್ಬರೇ, ಅದಕ್ಕೆ ಋಣಿ ಎಂದಷ್ಟೇ ಹೇಳಿ ಇಳಿದೆ.

"ತಗೊಳ್ಳಿ ಅಕ್ಕ, ಒಂದನೇ ನಂಬರ್ ಮಾಲು," ಅಂದರು ಅಂಗಡಿಯವರು ಮೊನ್ನೆ.

"ಎಂತದರಲ್ಲಿ?" ಎಂದು ನನ್ನ ಬಾಯಿಂದ ಬಂದೇಹೋಯಿತು.

"ಒಣ ಕೆಮ್ಮಿಗೆ ಮಾತ್ರ. ಕಫ ಇದ್ರೆ ನಾನು ಹೇಳುವುದಿಲ್ಲ."

ಎಂಥ ಉತ್ತರ! ಸರ್‌ಗೆ ಈಗಲೇ ಹೇಳಬೇಕೆಂದು ಮೊಬೈಲು ತೆಗೆದೆ. ಹೆಸರು ಇನ್ನೂ ಅದರಲ್ಲಿತ್ತು...