ನ್ಯಾಯಾಧೀಶರ ಬಲಗೈ

ಕರೆಂಟು ಹೋಗಬಹುದಿತ್ತು. ಟೇಪು ವಿ.ಸಿ.ಆರ್.ನ ಹೊಟ್ಟೆಯೊಳಗೆ ಶ್ಯಾವಿಗೆಯ ಹಾಗೆ ಬಿಚ್ಚಿಕೊಂಡು ಸಿಕ್ಕಿಬೀಳಬಹುದಿತ್ತು. ಸಾಸಿವೆ ಒಗ್ಗರಣೆಯ ಹೊಗೆಗೆ ಛಾವಣಿಯ ಅಲಾರಂ ಕಿರುಚಿ, ಫೈರ್ ಎಂಜಿನ್ನು ಬಂದು, ಇಡೀ ಕಟ್ಟಡದ ಜನ ಪಾರ್ಕಿಂಗ್ ಲಾಟಿನಲ್ಲಿ ನಿಂತು ನಮ್ಮ ಮನೆಯ ಕಿಟಕಿಯನ್ನೇ ನೋಡಬೇಕಾಗಿ ಬರಬಹುದಿತ್ತು. ಹಿಂದೊಮ್ಮೆ ಬಂದೂ ಇತ್ತು. ಸೆಂಟರ್‌ವಿಲ್‌ನಿಂದ ನಮ್ಮ ಕಡೆಯವರು ಯಾರಾದರೂ ‘ಈ ಕಡೆ ಬಂದಿದ್ವಿ, ಹಾಗೇ ನೋಡ್ಕೊಂಡು ಹೋಗೋಣ ಅಂತ’ ಎಂದು ಮಕ್ಕಳುಮರಿಗಳ ಸಮೇತ ಇಳಿದು, ಆ ಮಕ್ಕಳು ಟೀವಿಯ ಮುಂದೆ ಕೂತು ಕಾರ್ಟೂನು ಬೇಕೆಂದು ಹಟ ಹಿಡಿಯಬಹುದಿತ್ತು. ದೇಶದ ಅಧ್ಯಕ್ಷರು ಇದ್ದಕ್ಕಿದ್ದಂತೆ ಯಾವುದೋ ಯುದ್ಧದ ಸಮಾಚಾರ ಹೇಳಲು ಕೂತು ಧಾರಾವಾಹಿಯೇ ರದ್ದಾಗಬಹುದಿತ್ತು. ಇಷ್ಟನ್ನೂ ನಾನು ಆಫೀಸಿನ ಒಂದು ಲಕೋಟೆಯ ಹಿಂದೆ ಬರೆದುಕೊಂಡು, ಒಂದೊಂದಕ್ಕೂ ಪರಿಹಾರವನ್ನು ಪಕ್ಕದಲ್ಲಿ ಗುರುತು ಹಾಕಿದ್ದೆ. ಅಧ್ಯಕ್ಷರ ಎದುರಿಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೆ.

ಇಷ್ಟೆಲ್ಲ ಸಿದ್ಧತೆ ಏತಕ್ಕೆಂದರೆ, ಒಬ್ಬ ಮುದುಕನ ಬಲಗೈಯನ್ನು ಟೇಪಿನಲ್ಲಿ ಹಿಡಿಯುವುದಕ್ಕೆ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಆಗ ವಾಷಿಂಗ್ಟನ್ನಿನ ಹತ್ತಿರದ ಜರ್ಮನ್‌ಟೌನಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ನಮ್ಮ ಕೆಳಗಿನ ಮನೆಯಲ್ಲಿ ವಾಲ್ಟರ್ ಒಬ್ಬನೇ ಇದ್ದ. ವಯಸ್ಸು ಅರವತ್ತು ದಾಟಿತ್ತು. ಬೆಳ್ಳಗಿನ ದಟ್ಟ ಕೂದಲು, ನೆಟ್ಟಗಿನ ಬೆನ್ನು, ತಂಬೂರಿಯ ಮಂದ್ರದ ತಂತಿಯಂಥ ದನಿ. ಅವನ ಪರಿಚಯವಾದದ್ದು ಕಟ್ಟಡದ ತಳಮನೆಯ ಲಾಂಡ್ರಿ ಕೋಣೆಯಲ್ಲಿ. ಶನಿವಾರ ಬೆಳಿಗ್ಗೆ ಯಂತ್ರಗಳು ಗಿರಗಿರನೆ ತಿರುಗುವಷ್ಟು ಹೊತ್ತು ಮಾಡುವುದಕ್ಕೆ ಬೇರೇನೂ ಇರುತ್ತಿರಲಿಲ್ಲವಾಗಿ, ಅವನು ತನ್ನ ವೃತ್ತಿಯ ಕತೆ ಹೇಳುತ್ತಿದ್ದ, ನಾನು ನನ್ನ ವೀಸಾದ ಚಿಂತೆಯನ್ನು ಹೇಳುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಅವನ ಕತೆಗಳಲ್ಲಿ ಊರು ಬದಲಾಗುತ್ತಿತ್ತು, ನನ್ನ ಚಿಂತೆ ಮಾತ್ರ ಅದೇ ಇರುತ್ತಿತ್ತು.

ವಾಲ್ಟರ್ ನಟ. ಸಿನಿಮಾ, ಟೀವಿ ಎರಡರಲ್ಲೂ ಮೂವತ್ತು ವರ್ಷ ದುಡಿದವನು. ನೀವು ಅವನನ್ನು ಖಂಡಿತ ನೋಡಿರುತ್ತೀರಿ, ಆದರೆ ನೋಡಿದ್ದೀರೆಂದು ನಿಮಗೇ ಗೊತ್ತಿರುವುದಿಲ್ಲ. ವಾಷಿಂಗ್ಟನ್ನಿಗೆ ಚಿತ್ರೀಕರಣದವರು ಬಂದರೆ ಅವನು ಸೆನೆಟರಾಗುತ್ತಿದ್ದ. ಅಟ್ಲಾಂಟಾಕ್ಕೆ ಕರೆದರೆ ಪಾದ್ರಿಯೋ ಡಾಕ್ಟರೋ ಆಗುತ್ತಿದ್ದ. ನಾರ್ತ್ ಕ್ಯಾರೊಲೈನಾದ ಕಡಲ ದಂಡೆಯ ವಿಲ್ಮಿಂಗ್ಟನ್ ಊರಿನ ಸ್ಟುಡಿಯೋಗಳಿಗೆ ಆರೇಳು ಗಂಟೆ ಕಾರು ಓಡಿಸಿಕೊಂಡು ಹೋಗಿ, ಒಂದೇ ವಾಕ್ಯ ಹೇಳಿ, ಮತ್ತೆ ಆರೇಳು ಗಂಟೆ ಓಡಿಸಿಕೊಂಡು ಬರುತ್ತಿದ್ದ. ಹನ್ನೊಂದು ಸಲ ಸತ್ತಿದ್ದ. ಅದರಲ್ಲಿ ನಾಲ್ಕು ಸಲ, ಅವನೇ ಹೇಳುವಂತೆ, ಬಹಳ ಚೆನ್ನಾಗಿ. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಅವನ ಪಾತ್ರಗಳಿಗೆ ಹೆಸರಿರುತ್ತಿರಲಿಲ್ಲ, ಹುದ್ದೆ ಇರುತ್ತಿತ್ತು: ಎರಡನೇ ಸೆನೆಟರ್, ಮೊದಲನೇ ಡಾಕ್ಟರ್, ಮುದಿ ಪಾದ್ರಿ. ನನಗೆ ಇದು ವಿಚಿತ್ರವೆನಿಸಲಿಲ್ಲ. ಶ್ಯಾಂಟಿಲಿಯ ನನ್ನ ಆಫೀಸಿನಲ್ಲಿ ನನ್ನನ್ನು ನಮೂದಿಸಿದ್ದೂ ‘ಪ್ರೋಗ್ರಾಮರ್, ಮೂರನೇ ದರ್ಜೆ’ ಎಂದೇ. ನಾವಿಬ್ಬರೂ ಬೇರೆಯವರ ದೊಡ್ಡ ಕತೆಗಳಲ್ಲಿ ಬಾಗಿಲು ತೆಗೆದು ಒಳಬಂದು, ಒಂದು ಕಾಗದ ಕೊಟ್ಟು, ಹೊರಟುಹೋಗುವವರು.

ಅಂಥವನಿಗೆ ಆ ವರ್ಷ ಎರಡು ಕರೆಗಳು ಒಟ್ಟಿಗೇ ಬಂದವು. ಒಂದು ವಿಲ್ಮಿಂಗ್ಟನ್ನಿನಿಂದ. ಅಲ್ಲಿಯ ಒಂದು ಧಾರಾವಾಹಿಯಲ್ಲಿ ಅವನು ನ್ಯಾಯಾಧೀಶನಾಗಿ ಒಂದೇ ಕಂತಿನಲ್ಲಿ ಬಂದಿದ್ದ. ಈಗ ಅದೇ ನ್ಯಾಯಾಧೀಶನನ್ನು ವರ್ಷವಿಡೀ ಇಟ್ಟುಕೊಳ್ಳುತ್ತೇವೆ, ಪಾತ್ರಕ್ಕೊಂದು ಹೆಸರನ್ನೂ ಕೊಡುತ್ತೇವೆ ಎಂದಿದ್ದರು. ಇನ್ನೊಂದು ಅಟ್ಲಾಂಟಾದಿಂದ: ಪುಸ್ತಕಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬುವ ಕೆಲಸ, ಬರೀ ದನಿಯದು, ಕೆಲವು ವರ್ಷ ನೆಮ್ಮದಿಯಾಗಿ ನಡೆಯುವಂಥದು. ಇಬ್ಬರಿಗೂ ಗುರುವಾರದೊಳಗೆ ಉತ್ತರ ಬೇಕಿತ್ತು. ಯಾರು ತಾನೇ ಯೋಚಿಸುತ್ತಾರೆ, ವಿಲ್ಮಿಂಗ್ಟನ್ನೇ ಅಲ್ಲವೇ ಎಂದೆ. ವಾಲ್ಟರ್ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟು ಬಲಗೈಯನ್ನು ನನ್ನ ಮುಂದೆ ಚಾಚಿದ. ಬೆರಳುಗಳು ಸಣ್ಣಗೆ, ಗಾಳಿಗೆ ಅರಳಿ ಎಲೆ ಆಡುವಂತೆ ಆಡುತ್ತಿದ್ದವು. ಕೆಲವು ತಿಂಗಳಿಂದ ಹೀಗೆ, ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಇರುವುದಿಲ್ಲ ಎಂದ. ಆ ಕಂತಿನಲ್ಲಿ ತೀರ್ಪಿನ ಕಾಗದವನ್ನು ಅದೇ ಕೈಯಲ್ಲಿ ಹಿಡಿದು ಓದಿದ್ದನಂತೆ. ಕ್ಯಾಮೆರಾ ಅದನ್ನು ಕಂಡಿತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಸಣ್ಣ ನಟರನ್ನು ಕರೆದು ತೋರಿಸುವ ಪದ್ಧತಿ ಅಲ್ಲಿಲ್ಲ. ಭಾನುವಾರ ಸಂಜೆ ಟೀವಿಯಲ್ಲಿ ಆ ಕಂತು ಬರುವಾಗ ಅವನು ಅಟ್ಲಾಂಟಾದವರನ್ನು ಮಾತಾಡಿಸಿಕೊಂಡು ಹಿಂದಿರುಗುವ ದಾರಿಯಲ್ಲಿರುವವನಿದ್ದ.

“ಟೇಪ್ ಮಾಡಿಡು, ಮೂರ್ತಿ,” ಅಂದ. “ಕೈ ನಿಂತಿದ್ದರೆ ಹೋಗ್ತೀನಿ. ನಡುಗಿದ್ದರೆ, ಬೇರೆಯವರು ಹೇಳೋ ಮೊದಲೇ ನಾನೇ ಬಿಟ್ಟುಬಿಡ್ತೀನಿ.”

ಭಾನುವಾರ ಅಲಾರಂ ಕಿರುಚಲಿಲ್ಲ, ಸೆಂಟರ್‌ವಿಲ್‌ನವರು ಬರಲಿಲ್ಲ, ಅಧ್ಯಕ್ಷರೂ ಸುಮ್ಮನಿದ್ದರು. ನಾನು ಹೊಸ ಟೇಪು ಹಾಕಿ, ರಿಮೋಟು ಹಿಡಿದು, ಟೀವಿಯಿಂದ ಮೂರಡಿ ದೂರದಲ್ಲಿ ನೆಲದ ಮೇಲೆ ಕೂತೆ. ನಮ್ಮವರಲ್ಲಿ ಆಗ ಒಂದು ಅಭ್ಯಾಸವಿತ್ತು: ಏನೇ ಟೇಪು ಮಾಡಿದರೂ ಜಾಹೀರಾತು ಬಂದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುವುದು, ಜಾಹೀರಾತು ಮುಗಿದೊಡನೆ ಮತ್ತೆ ಒತ್ತಿ ಓಡಿಸುವುದು. ಇನ್ನೊಬ್ಬರ ಸೋಪಿಗೂ ಕಾರಿಗೂ ನಮ್ಮ ಟೇಪು ಯಾಕೆ ಸವೆಯಬೇಕು ಎಂಬ ಲೆಕ್ಕ. ಈ ವಿದ್ಯೆಯಲ್ಲಿ ನನ್ನ ಹೆಬ್ಬೆರಳು ನುರಿತದ್ದು. ಮೂರು ಸಲ ನಿಲ್ಲಿಸಿದೆ, ಮೂರು ಸಲ ಓಡಿಸಿದೆ. ನಾಲ್ಕನೆಯ ಸಲವೂ ನಿಲ್ಲಿಸಿದೆ. ಆ ಬಿಡುವು ಮುಗಿದು ತೆರೆ ಬೆಳಗಿದಾಗ ಕೋರ್ಟಿನ ಎತ್ತರದ ಪೀಠದಲ್ಲಿ, ಕರೀ ನಿಲುವಂಗಿಯಲ್ಲಿ, ನಮ್ಮ ಲಾಂಡ್ರಿ ಕೋಣೆಯ ವಾಲ್ಟರ್ ಕೂತಿದ್ದ. ಗುರುತಿನ ಮುಖವೊಂದು ಅಮೆರಿಕದ ಟೀವಿಯಲ್ಲಿ! ನಾನು ಎದ್ದುನಿಂತು, “ಸರೋಜಾ, ಬಾರೇ, ವಾಲ್ಟರ್ ಬಂದ” ಎಂದು ಹೆಂಡತಿಯನ್ನು ಕೂಗಿದೆ. ಅವಳು ಸೌಟು ಹಿಡಿದೇ ಬಂದಳು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು. ದೃಶ್ಯ ಮುಗಿದ ಮೇಲೆ ಕೈ ನೋಡಿಕೊಂಡರೆ ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತಿರಲಿಲ್ಲ. ಟೇಪು ನಿಂತೇ ಇತ್ತು.

ಟೇಪಿನಲ್ಲಿ ವಾಲ್ಟರ್ ಇಲ್ಲ. ಆದರೆ ನಾನು ನೋಡಿದ್ದೆ. ತೀರ್ಪಿನ ಕಾಗದ ಅವನ ಕೈಯಲ್ಲಿ ಪಟಪಟನೆ ಅಲುಗಿತ್ತು. ಅಷ್ಟು ಗಂಭೀರವಾದ ದನಿ, ಅದರ ಕೆಳಗೆ ಸಂಕೋಚಪಡುವ ಹಾಗೆ ಅಲುಗುವ ಆ ಕಾಗದ.

“ಕೈ ನಡುಗ್ತಿತ್ತು ಕಣ್ರೀ,” ಅಂದಳು ಸರೋಜ. ಒಲೆಯ ಕಡೆ ತಿರುಗಿ, “ಹೇಳೋಕ್ ಹೋಗ್ಬೇಡಿ, ಪಾಪ. ಹಾಗೆಲ್ಲ ಮುಖಕ್ಕೇ ಯಾರಾದ್ರೂ ಹೇಳ್ತಾರಾ?” ಎಂದಳು.

ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೋಡಲು ಬಂದವರೆಲ್ಲ ನಾಲ್ಕು ಮೋಸಂಬಿ ತಂದು, “ಏನೂ ಆಗಿಲ್ಲ ನಿಮಗೆ, ಇನ್ನೆಂಟು ದಿನಕ್ಕೆ ಎದ್ದು ಓಡಾಡ್ತೀರಿ” ಎನ್ನುತ್ತಿದ್ದರು. ಹೇಳುವವರಿಗೆ ಅದು ಸುಳ್ಳೆಂದು ಗೊತ್ತು, ಕೇಳುವ ದೊಡ್ಡಪ್ಪನಿಗೂ ಗೊತ್ತು. ಅದು ಸುದ್ದಿಯಲ್ಲ, ಮೋಸಂಬಿಯ ಜೊತೆ ಕೊಡುವ ಇನ್ನೊಂದು ಹಣ್ಣು. ರೋಗಿಯಾದವನು ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟು, ತನ್ನ ಮನಸ್ಸಿಗೆ ತೋಚಿದಂತೆ ಉಯಿಲು ಬರೆಸುತ್ತಾನೆ. ನಮ್ಮಲ್ಲಿ ಇದು ಎಷ್ಟು ಹಳೆಯ ನಾಟಕವೆಂದರೆ, ಇಬ್ಬರ ಪಾತ್ರವೂ ಇಬ್ಬರಿಗೂ ಹುಟ್ಟಿನಿಂದಲೇ ಬಾಯಿಪಾಠ.

ಸೋಮವಾರ ಬೆಳಿಗ್ಗೆ ಕೆಳಗಿಳಿದು ಅವನ ಬಾಗಿಲು ತಟ್ಟಿ, ಟೇಪಿನ ವಿಷಯವನ್ನು ಒಂದಕ್ಷರ ಬಿಡದೆ ಒಪ್ಪಿಕೊಂಡೆ. ಹೆಬ್ಬೆರಳನ್ನು ಚಾಚಿ ತೋರಿಸಿ, ಮೂರು ಸಲ ಕ್ಷಮೆ ಕೇಳಿದೆ. ವಾಲ್ಟರ್ ನಕ್ಕುಬಿಟ್ಟ. ನಿರ್ದೇಶಕರು ಕತ್ತರಿಸಿದ್ದುಂಟು, ಸಂಕಲನಕಾರರು ಕತ್ತರಿಸಿದ್ದುಂಟು, ಜೊತೆಗೆ ಬಟ್ಟೆ ಒಗೆಯುವವನು ಕತ್ತರಿಸಿದ್ದು ಇದೇ ಮೊದಲು ಎಂದ. ಆಮೇಲೆ ನಗು ನಿಲ್ಲಿಸಿ ಕೇಳಿದ.

“ಆದರೆ ನೀನು ನೋಡಿದೆಯಲ್ಲ?”

“ನೋಡಿದೆ.”

“ಕೈ?”

“ಏನೂ ಆಗಿರಲಿಲ್ಲ,” ಅಂದೆ. “ಕಲ್ಲಿನ ಹಾಗೆ ನಿಂತಿತ್ತು.”

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆ ಉಸಿರಿನಲ್ಲೇ ನನಗೆ ಎಚ್ಚರವಾಗಬೇಕಿತ್ತು. ನಮ್ಮ ದೊಡ್ಡಪ್ಪ ಹಾಗೆ ಉಸಿರು ಬಿಟ್ಟಿರಲಿಲ್ಲ. ನಾನು ಕೊಟ್ಟದ್ದನ್ನು ಅವನು ಪಕ್ಕಕ್ಕಿಡಲಿಲ್ಲ, ಸುದ್ದಿಯೆಂದೇ ಇಟ್ಟುಕೊಂಡ. ಮಂಗಳವಾರವೇ ಅಟ್ಲಾಂಟಾದವರಿಗೆ ಆಗುವುದಿಲ್ಲ ಎಂದು ತಿಳಿಸಿದ. ಗುರುವಾರದವರೆಗೆ ಕಾಯಲೂ ಇಲ್ಲ. ಕಾದಿದ್ದರೆ ಬುಧವಾರದ ಹೊತ್ತಿಗೆ ನನ್ನ ಧೈರ್ಯ ಕೂಡಿಬರುತ್ತಿತ್ತೇನೋ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬರುತ್ತಿರಲಿಲ್ಲ.

ವಿಲ್ಮಿಂಗ್ಟನ್ನಿನಲ್ಲಿ ಮೊದಲನೇ ವಾರ ನ್ಯಾಯಾಧೀಶರ ಕೈಗಳನ್ನು ಮೇಜಿನ ಕೆಳಗೆ ಇಡಿಸಿದರಂತೆ. ಎರಡನೇ ವಾರ ಕಾಗದವನ್ನು ಗುಮಾಸ್ತೆಯ ಪಾತ್ರದವಳಿಂದ ಓದಿಸಿದರಂತೆ. ಮೂರನೆಯ ಕಂತಿನಲ್ಲಿ ಯಾರೋ ಫೋನು ಎತ್ತಿ, ನ್ಯಾಯಾಧೀಶರು ರಾತ್ರಿ ತೀರಿಕೊಂಡರು ಎಂದು ಇನ್ಯಾರಿಗೋ ಹೇಳುತ್ತಾರೆ, ಅಷ್ಟೇ. ಹನ್ನೊಂದು ಸಲ ಕ್ಯಾಮೆರಾದ ಮುಂದೆ ಸತ್ತವನಿಗೆ ಹನ್ನೆರಡನೆಯ ಸಲ ತಾನೇ ಸಾಯುವ ಅವಕಾಶವನ್ನೂ ಕೊಡಲಿಲ್ಲ. ಅಷ್ಟರಲ್ಲಿ ಅಟ್ಲಾಂಟಾದವರು ಬೇರೊಂದು ದನಿಯನ್ನು ಹುಡುಕಿಕೊಂಡಿದ್ದರು.

ಚಳಿಗಾಲದಲ್ಲಿ ವಾಲ್ಟರ್ ಮನೆ ಖಾಲಿ ಮಾಡಿ ಸೌತ್ ಕ್ಯಾರೊಲೈನಾದ ತಂಗಿಯ ಮನೆಗೆ ಹೊರಟ. ನಾನು ಅವನ ಪುಸ್ತಕದ ಪೆಟ್ಟಿಗೆಗಳನ್ನು ಕಾರಿಗೆ ಹೊತ್ತುಹಾಕಿದೆ. ಕೊನೆಯ ಪೆಟ್ಟಿಗೆ ಇಟ್ಟ ಮೇಲೆ ಅವನು ಡಿಕ್ಕಿಯ ಬಾಗಿಲನ್ನು ಎಡಗೈಯಿಂದ ಒತ್ತಿ ಮುಚ್ಚಿ, ನನ್ನ ಕಡೆ ನೋಡದೆ, “ಅವತ್ತು ನಡುಗಿತ್ತು, ಅಲ್ಲವಾ?” ಎಂದ.

ಹೌದು ಎಂದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲ. ನೀನು ಒಳ್ಳೇ ಮನಸ್ಸಿನಿಂದ ಹೇಳಿದೆ ಅಂತ ಗೊತ್ತು ಎಂದ. ಪಕ್ಕದ ಮನೆಯಾಕೆ ಎಲ್ಲವನ್ನೂ ಅದ್ಭುತ ಎನ್ನುತ್ತಾಳೆ, ಎದುರು ಮನೆಯವನು ಎಲ್ಲದಕ್ಕೂ ಸರಿಹೋಗುತ್ತೆ ಎನ್ನುತ್ತಾನೆ ಎಂದ.

“ಅದಕ್ಕೇ ನಿನ್ನನ್ನ ಕೇಳಿದೆ, ಮೂರ್ತಿ. ಮೂರು ವರ್ಷದಲ್ಲಿ, ಯಾವುದಾದರೂ ಒಂದು ಸರಿಯಾಗಿದೆ ಅಂತ ನೀನು ಹೇಳಿದ್ದನ್ನ ನಾನು ಕೇಳಿಯೇ ಇರಲಿಲ್ಲ.”

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಜೀವಮಾನವೆಲ್ಲ ಅಪಶಕುನ ನುಡಿದ ಬಾಯಿ, ನುಡಿಯಲೇಬೇಕಾಗಿದ್ದ ಆ ಒಂದು ಬೆಳಿಗ್ಗೆ, ಒಳ್ಳೆಯ ಮಾತಾಡಿಬಿಟ್ಟಿತ್ತು.