ಕಾಕಾ ಊದದ ಜಾಗ

ವಾದ್ಯ ಬಾಯಲ್ಲಿಟ್ಟುಕೊಂಡು ಸುಮ್ಮನೆ ನಿಂತವನನ್ನು ನೀವು ಎಷ್ಟು ಹೊತ್ತು ಕೇಳುತ್ತೀರಿ? ಸುಳ್ಳು ಹೇಳಬೇಡಿ, ನಡುವೆ ಎದ್ದು ಹೋಗುವವರೇ ನೀವು!

ನಿನ್ನೆ ಮೊಮ್ಮಗಳಿಗೆ ನೆಗಡಿ. ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿದೆ, ಆ ವಾಸನೆಯ ಹಿಂದೆಯೇ ಬಾಜೂಮನೆಯ ಕಾಕಾ ನೆನಪಿಗೆ ಬಂದುಬಿಟ್ಟರು. ಅವರ ಅಂಗಿ, ಟೋಪಿ, ಕ್ಲಾರಿನೆಟ್ ಪೆಟ್ಟಿಗೆ, ಎಲ್ಲಕ್ಕೂ ಅದೇ ವಾಸನೆ... ದಮ್ಮಿನ, ಉಬ್ಬಸದ ಮನುಷ್ಯ.

ಗೋಕಾಕದಲ್ಲಿ ಮದುವೆ ಬ್ಯಾಂಡ್ ಅಂದರೆ ಅವರೇ. ಮೂಡಲಗಿಯಿಂದ ಹುಕ್ಕೇರಿವರೆಗೆ ಎಷ್ಟೋ ಮದುಮಕ್ಕಳ ಕುದುರೆಯ ಮುಂದೆ ಊದುತ್ತ ನಡೆದವರು. ದಮ್ಮು ಹೆಚ್ಚಾದ ಮೇಲೆ ಬ್ಯಾಂಡಿನವರು ಕರೆಯುವುದನ್ನು ಬಿಟ್ಟರು. “ಇನ್ನೊಮ್ಮೆ ನಾಕ ಮಂದಿ ಮುಂದ ಊದಿದ್ರ ಸಾಕವಾ,” ಎನ್ನುತ್ತಿದ್ದರು ನನ್ನ ಮುಂದೆ.

ಘಟಪ್ರಭಾದಲ್ಲಿ ಅವರಿಗೆ ಔಷಧ ಕೊಡುತ್ತಿದ್ದ ಡಾಕ್ಟರಬಾಯಿಯ ಮನೆಯಲ್ಲಿ ಪಿಯಾನೋ ಇತ್ತು. ಅವರೇ ಪರದೇಶದ ಒಂದು ಹಾಡು ಹುಡುಕಿ ಕೊಟ್ಟರು. ಪಿಯಾನೋ ಮೂರು ಮೂರು ಸ್ವರ ಹಾಕುತ್ತಲೇ ಇರಬೇಕು, ಕಾಕಾ ನಿಧಾನಕ್ಕೆ ಒಂದು ಸ್ವರ ಊದಿ ಬಿಡಬೇಕು... ಆಮೇಲೆ ಇನ್ನೊಂದು. ಅಷ್ಟೇ! ಇದರಲ್ಲಿ ಕಲಿಯುವುದೇನಿದೆ ಎಂದು, ಕಾಕಾ ಮನೆಯಲ್ಲಿ ಒಬ್ಬರೇ ಊದುವಾಗ ನಾನು ನಡುವಿನ ಗೋಡೆಗೆ ಕಿವಿ ಹಚ್ಚಿ ಕೂಡುತ್ತಿದ್ದೆ. ಒಂದು ಸ್ವರ ಕೇಳುತ್ತಿತ್ತು, ಮುಂದೆ ಏನೂ ಇಲ್ಲ. ಅದು ಹಾಡಿನ ಬಿಡುವೋ, ಕಾಕಾ ಉಸಿರು ಹುಡುಕುತ್ತಿದ್ದರೋ?

ಒಂದು ಸಂಜೆ ಡಾಕ್ಟರಬಾಯಿಯ ಪಡಸಾಲೆಯಲ್ಲೇ ಕಾರ್ಯಕ್ರಮ. ಓಣಿಯವರೆಲ್ಲ ಹೋದೆವು. ಶುರುವಾಗಿ ಬಹಳ ಹೊತ್ತಾಗಿತ್ತು. ಹಿಂದೆ ಕೂತಿದ್ದ ಬ್ಯಾಂಡಿನ ಡೋಲಿನವ, “ಇನ್ನೂ ಸುರ ಕೂಡಸಾಕತ್ತಾರೇನ? ಹಾಡ ಯಾವಾಗ ಹಿಡೀತಾರ?” ಎಂದ.

“ನಿನ್ನ ಡೋಲ ಇಲ್ಲಲ್ಲ, ಅದಕ್ಕ ಇವತ್ತ ಕಾಕಾರದು ಕೇಳಸಾಕತ್ತೈತಿ. ಬಾಯಿ ಮುಚ್ಚೋ,” ಎಂದೆ.

ಅಷ್ಟರಲ್ಲಿ ಕಾಕಾ ಊದುವುದು ನಿಂತುಬಿಟ್ಟಿತು. ಪಿಯಾನೋದ ಮೂರು ಸ್ವರ ಬಂದವು, ಮತ್ತೆ ಬಂದವು. ಕಾಕಾ ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿದ್ದ ಕಾಕಿ ನನ್ನ ಕೈ ಎಷ್ಟು ಬಿಗಿ ಹಿಡಿದರೆಂದರೆ ಬಳೆಗಳು ಚರ್ಮಕ್ಕೆ ನಾಟಿದವು... ಆಮೇಲೆ ಎಲ್ಲಿಂದಲೋ ಒಂದು ತೆಳ್ಳನೆಯ, ಉದ್ದನೆಯ ಸ್ವರ. ಡೋಲಿನವನೂ ಉಸಿರು ಬಿಟ್ಟ.

ಕಾಕಾ ಹೋಗಿ ಬಹಳ ವರ್ಷವಾಯಿತು. ಫೋನಿನಲ್ಲಿ ಒತ್ತಲು ಕಲಿತ ಮೇಲೆ ಆ ಹಾಡು ಹುಡುಕುತ್ತಲೇ ಇದ್ದೇನೆ. ಹೆಸರು ಯಾರಿಗೂ ನೆನಪಿಲ್ಲ. ಗುನುಗಿ ತೋರಿಸೋಣವೆಂದರೆ ಗುನುಗಲು ಅದರಲ್ಲಿ ಇರುವುದಾದರೂ ಏನು! ಇವತ್ತು ಮುಂಜಾನೆ ಕಾಕಿಯ ಕಟ್ಟೆಯ ಮೇಲೆ ಕೂತು, “ಕಾಕಿ, ಅದು ಸಿಕ್ಕರ ಖರೆ ಗೊತ್ತಾಗ್ತೈತ್ರಿ, ಆ ಬಿಡುವು ಹಾಡಿಂದೋ, ಕಾಕಾರ ದಮ್ಮಿಂದೋ ಅಂತ,” ಎಂದೆ.

ಕಾಕಿ ಫೋನು ಕಸಿದುಕೊಂಡು ಬೋರಲು ಹಾಕಿದರು.

“ಇವತ್ತಿನ ತನಕಾ ನಿನಗ ಗೊತ್ತಾಗಿಲ್ಲ ಅಂದ್ರ, ನಮ್ಮನಿಯವ್ರು ಛಲೋನ ಊದ್ಯಾರ ತಗೋ!”